ಮೊದಲು ಒಂದು ವಾರ ಸುಮ್ನೆ ಎಣಿಸಿ

“ನಮ್ಮ ಹುಡುಗ ಭಾಳ ಸೋಮಾರಿ ಆಗ್ಯಾನ್ರಿ” ಎಂದು ಧಾರವಾಡದ ಸಪ್ತಾಪುರದ ನಮ್ಮ ಓಣಿಯ ಅಕ್ಕಾರೊಬ್ಬರು ಬಂದಿದ್ದರು. ಮೊಬೈಲ್ ಕಸಿದುಕೊಂಡಾಗಿತ್ತು, ಸೈಕಲ್ ಆಸೆ ತೋರಿಸಿಯೂ ಆಗಿತ್ತು. ಎಲ್ಲರೂ ಎಡವುವುದು ಇಲ್ಲೇ. ಅಳೆಯುವ ಮೊದಲೇ ಕತ್ತರಿ ಹಾಕ್ತಾರೆ.

ಮೊದಲು, ಬದಲಿಸಬೇಕಾದ ನಡವಳಿಕೆ ಯಾವುದು ಅಂತ ಬರೆದುಕೊಳ್ಳಿ. ‘ಸೋಮಾರಿ’ ಅನ್ನುವುದು ಬೈಗುಳ, ಎಣಿಸೋಕೆ ಬರಲ್ಲ. ನಾವು ಬರೆದದ್ದು: ‘ಸಂಜೆ 7ರಿಂದ 8ರವರೆಗೆ ಓದಲು ಕೂತಾಗ ಎಷ್ಟು ಸಲ ಎದ್ದ?’ ನೀರಿಗೆ ಎದ್ದರೂ ಲೆಕ್ಕವೇ.

ಇನ್ನು ಕಷ್ಟದ ಹಂತ, ಏನೂ ಬದಲಿಸದೆ ಈಗಿನ ಲೆಕ್ಕ ಹಿಡಿಯುವ ಬೇಸ್‌ಲೈನ್. ಒಂದು ವಾರ ಬೈಗುಳ, ಬಹುಮಾನ ಎರಡೂ ಬೇಡ. ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಾ ಹೋಗಿ. ಅವನ ಕಣ್ಣೆದುರು ಮಾತ್ರ ಬೇಡ, ಎಣಿಸೋದು ಗೊತ್ತಾದರೆ ಸಾಕು, ಹುಡುಗ ಬದಲಾಗ್ತಾನೆ. ಒಂದೆರಡು ದಿನ ಮನೆಯ ಇನ್ನೊಬ್ಬರೂ ಬೇರೆಯಾಗಿ ಎಣಿಸಲಿ. ಇಬ್ಬರ ಲೆಕ್ಕ ಎಷ್ಟು ತಾಳೆಯಾಗುತ್ತೆ ಅಂತ ನೋಡಲು ಚಿಕ್ಕ ಸಂಖ್ಯೆಯನ್ನು ದೊಡ್ಡದರಿಂದ ಭಾಗಿಸಿ, 100ರಿಂದ ಗುಣಿಸಿ. ಸಾಮಾನ್ಯವಾಗಿ ಸಂಶೋಧಕರು 80ಕ್ಕಿಂತ ಕಡಿಮೆ ಬಂದ ಲೆಕ್ಕ ಒಪ್ಪುವುದಿಲ್ಲ. ಅಕ್ಕಾರ ಲೆಕ್ಕ 10, ಅಜ್ಜಿಯದು 6. ಅಂದರೆ ಬರೀ 60. “ನೀರು ಕುಡಿಯೂದೂ ತಪ್ಪೇನವಾ?” ಅಂದರು ಅಜ್ಜಿ. ಮತ್ತೆ ಮೊದಲಿಂದ ಶುರು.

ಪ್ರತಿ ಗೀಟಿನ ಪಕ್ಕ, ಏಳುವ ಮುಂಚೆ ಏನಾಯಿತು, ಎದ್ದ ಮೇಲೆ ಏನು ಸಿಕ್ಕಿತು ಅಂತಲೂ ಬರೆಯಿರಿ. ಇವನು ಎದ್ದು ಅಡುಗೆಮನೆಗೆ ಬಂದಾಗಲೆಲ್ಲ ಕೈಗೆ ಒಂದು ಹಿಡಿ ಚುರುಮರಿ ಬೀಳುತ್ತಿತ್ತು!

ಮುಂದಿನದು ಸುಲಭ. 10 ನಿಮಿಷ ಏಳದೆ ಕೂತರೆ ಚುರುಮರಿ ಅಲ್ಲಿಗೇ, ಆಗಲೇ ಬರಲಿ. ರವಿವಾರ ಲೈನ್ ಬಜಾರಿನ ಪೇಡೆ ಕೊಡಿಸ್ತೀನಿ ಅನ್ನುವ ಮಾತಿಗೆ ಅಷ್ಟು ಬಲವಿಲ್ಲ. ಬಿ.ಎಡ್. ಓದಿದವರಿಗೆ ಮನೋವಿಜ್ಞಾನಿ ಸ್ಕಿನ್ನರ್ ಜೊತೆ ಬರುವ ‘ಪುನರ್ಬಲನ’ ನೆನಪಿರಬೇಕು. ಕೊಟ್ಟದ್ದರಿಂದ ಕೂರುವುದು ಜಾಸ್ತಿಯಾದರೆ ಅದು ಪುನರ್ಬಲನ, ಇಲ್ಲದಿದ್ದರೆ ಬರೀ ತಿಂಡಿ. ಎದ್ದು ಬಂದರೂ ಚುರುಮರಿ ಸಿಗದ್ದರಿಂದ ಶುರುವಿನಲ್ಲಿ ಏಳುವುದು ಇನ್ನೂ ಹೆಚ್ಚಬಹುದು. ಆಗ ಸೋತು ಅಡುಗೆಮನೆಯಲ್ಲೇ ಕೊಟ್ಟರೆ ಕೆಲಸ ಕೆಟ್ಟಿತು.

‘21 ದಿನದಲ್ಲಿ ಹೊಸ ಅಭ್ಯಾಸ’ ಅನ್ನುವ ಆಪ್‌ಗಳಿಗೆ ದುಡ್ಡು ಸುರಿಯಬೇಡಿ. ಹತ್ತು ರೂಪಾಯಿ ನೋಟ್‌ಬುಕ್ ಸಾಕು.

ಬದಲಾದದ್ದು ಚುರುಮರಿಯಿಂದಲೇನಾ? ಕೆಲ ದಿನ ನಿಲ್ಲಿಸಿ, ಏಳುವುದು ಮರಳಿದರೆ ಮತ್ತೆ ಶುರು ಮಾಡಿ. ಇದು ಎ-ಬಿ-ಎ-ಬಿ ವಿಧಾನ: ‘ಎ’ ಅಂದರೆ ಚುರುಮರಿ ಇಲ್ಲದ ದಿನಗಳು, ‘ಬಿ’ ಅಂದರೆ ಇರುವ ದಿನಗಳು. (ತಲೆ ಚಚ್ಚಿಕೊಳ್ಳುವ ಮಗುವಿನ ಮೇಲೆ ಈ ಪರೀಕ್ಷೆ ಬೇಡವೇ ಬೇಡ, ಇಲ್ಲಿನ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆದೊಯ್ಯಿರಿ.)

ಅಕ್ಕಾರು ಒಪ್ಪಲಿಲ್ಲ. “ಚಲೋ ಆಗೇತಿ, ಮತ್ತ ಯಾಕ ಕೆಡಸೂದ್ರಿ?” ಅದಕ್ಕೂ ದಾರಿಯಿದೆ. ಸಂಜೆಯ ಓದಿಗೆ ಈಗ, ಬೆಳಗಿನ ಓದಿಗೆ ಎರಡು ವಾರ ಬಿಟ್ಟು ಶುರು ಮಾಡಿ. ಚುರುಮರಿ ಬಂದಮೇಲಷ್ಟೇ ಆಯಾ ಹೊತ್ತಿನ ಲೆಕ್ಕ ಇಳಿದರೆ ಕಾರಣ ಅದೇ. ಆದರೆ ಎರಡನ್ನೂ ಮೊದಲ ದಿನದಿಂದಲೇ ಎಣಿಸಿರಬೇಕು. ಅಕ್ಕಾರ ಕ್ಯಾಲೆಂಡರಿನಲ್ಲಿ ಬೆಳಗಿನ ಗೀಟು ಒಂದೂ ಇರಲಿಲ್ಲ.