ಚಿಕ್ಕ ಕೈಗೆ ಒಪ್ಪುವ ಎಲೆಕ್ಟ್ರಿಕ್ ಗಿಟಾರ್ ಆರಿಸುವುದು ಹೇಗೆ?

ನನ್ನ ಕೈ ಚಿಕ್ಕದು. ಹಾಗಾಗಿ ಗಿಟಾರ್ ಅಂಗಡಿಯಲ್ಲಿ ನಾನು ಮೊದಲು ಕೇಳುವುದು ಸ್ಕೇಲ್ ಉದ್ದ. ಅಂದರೆ ನಟ್‌ನಿಂದ (ಗಿಟಾರ್ ತಲೆಯ ಬಳಿ ತಂತಿ ಕೂರುವ ಪಟ್ಟಿ) ಬ್ರಿಡ್ಜ್‌ವರೆಗೆ (ದೇಹದ ಮೇಲೆ ತಂತಿ ಕೂರುವ ಭಾಗ) ತಂತಿಯ ಉದ್ದ. ಫೆಂಡರ್ ಸ್ಟ್ರಾಟೋಕ್ಯಾಸ್ಟರ್‌ನಲ್ಲಿ ಇದು 25.5 ಇಂಚು. ಗಿಬ್ಸನ್ ಎಸ್‌ಜಿ, ಲೆಸ್ ಪಾಲ್‌ಗಳಲ್ಲಿ ಸುಮಾರು 24.75. ಫೆಂಡರ್ ಮಸ್ಟಾಂಗ್‌ನಲ್ಲಿ 24.

ಒಂದೂವರೆ ಇಂಚಿನಲ್ಲಿ ಏನು ಮಹಾ ಅನ್ನಿಸುತ್ತದೆ, ಅಲ್ವಾ? ನಟ್‌ನಿಂದ ನಾಲ್ಕನೇ ಫ್ರೆಟ್‌ಗೆ (ತಂತಿಗಳ ಕೆಳಗಿನ ಅಡ್ಡ ಲೋಹದ ಪಟ್ಟಿ) ಇರುವ ದೂರ ಸ್ಟ್ರಾಟ್‌ಗಿಂತ (ಅಂದರೆ ಸ್ಟ್ರಾಟೋಕ್ಯಾಸ್ಟರ್‌ಗಿಂತ) ಮಸ್ಟಾಂಗ್‌ನಲ್ಲಿ ಸುಮಾರು 8 ಮಿಲಿಮೀಟರ್ ಕಡಿಮೆ. ಕಿರುಬೆರಳಿಗೆ ಅದು ತುಂಬಾ ಜಾಸ್ತಿ! ಅದೇ ದಪ್ಪದ ತಂತಿ ಹಾಕಿದರೆ ಬಿಗಿಯೂ ಕಡಿಮೆ, ಬೆಂಡ್ ಮಾಡುವುದು (ತಂತಿಯನ್ನು ಪಕ್ಕಕ್ಕೆ ತಳ್ಳಿ ಸ್ವರ ಏರಿಸುವುದು) ಸುಲಭ.

ಆಮೇಲೆ ನೆಕ್, ಅಂದರೆ ಎಡಗೈ ಹಿಡಿಯುವ ಉದ್ದನೆಯ ಭಾಗ. ಹಿಂಬದಿ ‘ಸಿ’ ಅಕ್ಷರದಂತೆ ದುಂಡಾಗಿರುವ ತೆಳುವಾದ ನೆಕ್ ನನಗೆ ಹಿಡಿಸುತ್ತದೆ. ಇದನ್ನು ಕಾಗದದಲ್ಲಿ ಓದಿ ತಿಳಿಯಲಾಗದು. ಕುರ್ಚಿಯಲ್ಲಿ ಕುಳಿತು ಆರನೇ ತಂತಿಯ (ಎಲ್ಲಕ್ಕಿಂತ ದಪ್ಪದ್ದು) ಮೊದಲ ನಾಲ್ಕು ಫ್ರೆಟ್‌ಗಳ ಮೇಲೆ ನಾಲ್ಕೂ ಬೆರಳಿಡಿ. ನಂತರ ಎಫ್ ಬಾರೆ ಕಾರ್ಡ್ (ತೋರುಬೆರಳಿನಿಂದ ಎಲ್ಲ ತಂತಿ ಒತ್ತಿ ನುಡಿಸುವ ಸ್ವರಗುಚ್ಛ) ಹಿಡಿಯಿರಿ. ನಿಂತು ಇನ್ನೊಮ್ಮೆ ಮಾಡಿ. ಎಸ್‌ಜಿಯ ದೇಹ ಹಗುರ, ನಿಂತಾಗ ನೆಕ್ ಕೆಳಗೆ ವಾಲುತ್ತದೆ. ಅದನ್ನು ಎಡಗೈ ಹೊರಬೇಕಾಗುತ್ತದೆ. ಮಣಿಕಟ್ಟು ನೋಯುತ್ತಿದ್ದರೆ, ಅಂಗಡಿಯವರು “ರೂಢಿಯಾಗುತ್ತೆ” ಅಂದರೂ ಸುಮ್ನೆ ಕೆಳಗಿಡಿ.

ಐಬನೆಜ್ ಮೈಕ್ರೋದ ಸ್ಕೇಲ್ ಉದ್ದ 22.2 ಇಂಚು. ಮಕ್ಕಳಿಗೆ ಚೆನ್ನ. ದೊಡ್ಡವರಿಗೆ ದೇಹದ ಕಡೆಯ ಫ್ರೆಟ್‌ಗಳಲ್ಲಿ ಬೆರಳಿಡಲು ಜಾಗ ಸಾಲದು.

ಮನೆಯಲ್ಲಿ ಆಗಲೇ ಸ್ಟ್ರಾಟ್ ಇದೆಯೇ? ಮಾರಬೇಡಿ. 9-42 ತಂತಿ (ತೆಳು ತಂತಿಗಳ ಸೆಟ್) ಹಾಕಿಸಿ, ಆ್ಯಕ್ಷನ್ (ಫ್ರೆಟ್‌ಗಳಿಂದ ತಂತಿಯ ಎತ್ತರ) ತಗ್ಗಿಸಿ, ಸ್ಟ್ರಾಪ್ ಸ್ವಲ್ಪ ಮೇಲಕ್ಕೆ ಕಟ್ಟಿ ಒಂದಷ್ಟು ದಿನ ನುಡಿಸಿ ನೋಡಿ.