ಡೊಂಬಿವಲಿ, ಟೊರೊಂಟೊ ಮತ್ತು ನಾಲ್ಕು ಕವಡೆ

ನನ್ನ ಕೆಲಸ ಪುಣೆಯ ಹಿಂಜವಡಿಯಲ್ಲಿ. ಕಾರ್ಖಾನೆಗಳಿಗೆ ವಿಆರ್‌ನಲ್ಲಿ, ಅಂದರೆ ಕಣ್ಣಿಗೆ ಹೆಡ್‌ಸೆಟ್ ಹಾಕಿಕೊಂಡು ನೋಡುವ ಕಂಪ್ಯೂಟರ್ ಲೋಕದಲ್ಲಿ, ಸುರಕ್ಷತೆಯ ತರಬೇತಿ ಮಾಡಿಕೊಡುತ್ತೇವೆ. ಬೆಂಕಿ ಬಿದ್ದರೆ ಯಾವ ಬಾಗಿಲಿಂದ ಓಡಬೇಕು, ಕ್ರೇನಿನ ಕೆಳಗೆ ಯಾಕೆ ನಿಲ್ಲಬಾರದು, ಇಂಥವು. ವರ್ಷಗಟ್ಟಲೆ ಇದೇ ಮಾಡಿದವನಿಗೆ ಅವ್ವ ಮತ್ತು ಅಕ್ಕ ಒಟ್ಟಿಗೆ ಕೂರಲು ವಿಆರ್‌ನಲ್ಲೇ ಒಂದು ಕೋಣೆ ಮಾಡಿಕೊಡುವುದೇನು ಮಹಾ, ಎರಡು ವಾರದ ಕೆಲಸ ಅನ್ನಿಸಿತ್ತು. ಒಂದೂವರೆ ವರ್ಷ ಹಿಡಿಯಿತು.

ನಮ್ಮದು ಮೂಲ ಧಾರವಾಡದ ಕಡೆ. ಅಪ್ಪ ಮುಂಬಯಿಯಲ್ಲಿ ರೈಲ್ವೆಯ ಮಾಟುಂಗಾ ವರ್ಕ್‌ಶಾಪಿನಲ್ಲಿದ್ದರು. ಈಗ ಅವ್ವ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಒಬ್ಬಳೇ, ವಯಸ್ಸು 72. ಅಕ್ಕ ಟೊರೊಂಟೊದಲ್ಲಿ. ನಾನು ಶನಿವಾರ ಕಲ್ಯಾಣದವರೆಗೆ ರೈಲು, ಅಲ್ಲಿಂದ ಲೋಕಲ್ ಹಿಡಿದು ಹೋಗುತ್ತೇನೆ. ಅಕ್ಕನದು ವಿಡಿಯೊ ಕಾಲ್ ಮಾತ್ರ. ಪಕ್ಕದಲ್ಲಿ ಕೂತು ಎಷ್ಟೋ ಸಲ ಕೇಳಿದ್ದೇನೆ, ನಾಲ್ಕನೇ ನಿಮಿಷಕ್ಕೆ ಮಾತು ಮುಗಿಯುತ್ತದೆ.

"ಊಟ ಆತ?"

"ಆತವಾ. ನಿಂದು?"

"ಇನ್ನೂ ಇಲ್ಲ."

ಆಮೇಲೆ ಇಬ್ಬರೂ ಪರದೆ ನೋಡುತ್ತಾ ಸುಮ್ನೆ ಕೂರುತ್ತಾರೆ. ಇಬ್ಬರಿಗೂ ಮುಜುಗರ. "ಹಂಗಾರ ಇಡ್ಲ್ಯಾ?" ಇದೇ ಇಬ್ಬರು ಹಿಂದೆ ಒಂದೇ ಮನೆಯಲ್ಲಿದ್ದಾಗ ಗಂಟೆಗಟ್ಟಲೆ ಮಾತಿಲ್ಲದೆ ಮೆಂತ್ಯೆ ಸೊಪ್ಪು ಬಿಡಿಸುತ್ತಾ ಕೂರುತ್ತಿದ್ದರು. ಆಗ ಮುಜುಗರ ಇರಲಿಲ್ಲ. ಮುಖಕ್ಕೆ ಮುಖ ಕೊಟ್ಟು ಕೂತರೆ ಮಾತಾಡಲೇಬೇಕು. ಪಕ್ಕದಲ್ಲಿ ಕೂತರೆ ಹಾಗಿಲ್ಲ ಅಲ್ವಾ? ನಾನು ಮಾಡಬೇಕಿದ್ದದ್ದು ಅದನ್ನು, ಇಬ್ಬರೂ ಮಾತಿಲ್ಲದೆ ಕೂರುವ ಜಾಗ. ಆದರೆ ಅದು ನನಗೆ ಹೊಳೆದದ್ದು ತುಂಬ ತಡವಾಗಿ.

ಅಕ್ಕ ಬರುವಾಗ ಎರಡು ಕ್ವೆಸ್ಟ್ 2 ವಿಆರ್ ಹೆಡ್‌ಸೆಟ್ ತಂದಿದ್ದಳು. ಒಂದು ಅವ್ವನಿಗೆ ಬಿಟ್ಟು, ಇನ್ನೊಂದು ವಾಪಸ್ ತಗೊಂಡು ಹೋದಳು. ನಾನು ಮೊದಲು ಮಾಡಿದ್ದು ಗೋವಾದ ಕಡಲ ದಂಡೆ. ಸೂರ್ಯಾಸ್ತ, ತೆಂಗಿನ ಮರ, ಅಲೆ, ಎಲ್ಲ ಇತ್ತು. ಅವ್ವ ಆ ಕಡೆ ಈ ಕಡೆ ನೋಡಿ "ಛಲೋ ಐತಿ" ಅಂದಳು. ಐದು ನಿಮಿಷಕ್ಕೆ ತೆಗೆದಿಟ್ಟಳು. ಮುಂದಿನ ವಾರ ದಂಡೆಯ ಮೇಲೆ ನಡೆದಾಡಲಿ ಅಂತ ಬಟನ್ ಒತ್ತಿದರೆ ಮುಂದೆ ಸಾಗುವ ಹಾಗೆ ಮಾಡಿದೆ. ಕಣ್ಣು ನಡೆಯುತ್ತಿದ್ದೇನೆ ಅನ್ನುತ್ತದೆ, ಕಿವಿಯೊಳಗಿನ ಸಮತೋಲನದ ಅಂಗ ಇಲ್ಲ ಕೂತಿದ್ದೇನೆ ಅನ್ನುತ್ತದೆ. ಹೊಟ್ಟೆ ತೊಳಸುವುದು ಇದೇ ಜಗಳಕ್ಕೆ. ಇದನ್ನು ನಾನು ಆಫೀಸಿನಲ್ಲಿ ಹೊಸ ಹುಡುಗರಿಗೆ ಪಾಠ ಮಾಡುತ್ತೇನೆ. ಮನೆಯಲ್ಲಿ ಮರೆತೆ. ಅವ್ವ ಆ ಸಂಜೆಯೆಲ್ಲ ನಿಂಬೆಹಣ್ಣು ಮೂಸುತ್ತಾ ಮಲಗಿದಳು. ಅಂದಿನಿಂದ ಒಂದು ನಿಯಮ: ಅವ್ವನ ತಲೆ ಅಲುಗದೆ ಅವಳ ಜಗತ್ತು ಅಲುಗಬಾರದು.

ಮಾಡಿದ ಇನ್ನೊಂದು ತಪ್ಪು ಮುಖ. ಅಕ್ಕನ ಫೋಟೊಗಳಿಂದ ಅವಳದೇ ಮುಖದ ಅವತಾರ್ ಮಾಡಿದೆ. ತುಟಿ ಅಲ್ಲಾಡುತ್ತಿತ್ತು, ಕಣ್ಣು ನೆಟ್ಟಗೆ. ಅವ್ವ ಒಂದು ಕ್ಷಣ ನೋಡಿದಳು. "ಹೆಣದ ಮಾರಿ ಇದ್ದಂಗ ಐತಿ, ತಗೀ ಅದನ್ನ." ತೆಗೆದೆ. ಅರ್ಧ ಸರಿ ಇರುವ ಮುಖಕ್ಕಿಂತ ಮುಖವೇ ಇಲ್ಲದಿರುವುದು ವಾಸಿ. ಈಗ ಇರುವುದು ಒಂದು ಸಾದಾ ತಲೆಯ ಆಕಾರ, ಎರಡು ಕೈ, ಧ್ವನಿ, ಅಷ್ಟೇ. ಹೆಡ್‌ಸೆಟ್ಟಿನ ಕ್ಯಾಮೆರಾಗಳು ಬೆರಳುಗಳನ್ನು ಸಾಕಷ್ಟು ಚೆನ್ನಾಗಿ ಹಿಡಿಯುತ್ತವೆ. ಅಕ್ಕ ಯೋಚಿಸುವಾಗ ಹೆಬ್ಬೆರಳಿನಿಂದ ಕಿರುಬೆರಳಿನ ಉಗುರು ಉಜ್ಜುತ್ತಾಳೆ. ಅವ್ವ ಅದನ್ನು ನೋಡಿ, "ಇನ್ನೂ ಬಿಟ್ಟಿಲ್ಲೇನ ಆ ಚಟ?" ಅಂದಳು. ಗುರುತಿಗೆ ಅಷ್ಟು ಸಾಕಾಯಿತು.

ಜಾಗ ಯಾವುದು ಅನ್ನುವುದನ್ನು ಅವ್ವನೇ ತೀರ್ಮಾನಿಸಿದಳು. ನಾವು ಬೆಳೆದ, ಮುಂಬಯಿಯ ಪರೇಲಿನ ಚಾಳು, ಸಾಲು ಖೋಲಿಗಳ ವಠಾರ. ಕಟ್ಟಡ ಈಗಿಲ್ಲ, ಒಡೆದು ಟವರ್ ಎಬ್ಬಿಸಿದ್ದಾರೆ. ಹಾಗಾಗಿ ಮೊಬೈಲಿನಲ್ಲಿ ಸ್ಕ್ಯಾನ್ ಮಾಡುವ ಮಾತೇ ಇಲ್ಲ. ಇದ್ದದ್ದು 14 ಫೋಟೊ. ಅವುಗಳಲ್ಲೂ ಜಾಸ್ತಿ ಮುಖಗಳೇ, ಗೋಡೆ ಕಾಣುವುದು ಮೂರರಲ್ಲಿ. ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ಗೋಡೆ ಎಬ್ಬಿಸಲು ಅಳತೆ ಬೇಕಲ್ಲ, ಅವ್ವನನ್ನು ಕೇಳಿದೆ. ಖೋಲಿ ಎಷ್ಟು ಅಗಲ ಇತ್ತು? "ಕಾಟ ಹಾಕಿದ ಮ್ಯಾಲೆ ನಿಮ್ಮಪ್ಪಗ ಕಾಲು ಚಾಚಾಕ ಜಾಗ ಉಳೀತಿರಲಿಲ್ಲ." ಆ ಕಾಟು ಈಗಲೂ ಡೊಂಬಿವಲಿಯಲ್ಲಿದೆ. ಟೇಪು ಹಿಡಿದು ಅಳೆದೆ. ಖೋಲಿಗಳ ಮುಂದಿನ ಗ್ಯಾಲರಿ? "ಕೊಡ ಹೊತ್ತವರು ಇಬ್ಬರು ಎದುರಾದ್ರ ಒಬ್ಬರು ಹಿಂದ ಸರೀಬೇಕು." ಮೂರಡಿ ಅಂತ ಇಟ್ಟೆ. ಅವ್ವ ಹೆಡ್‌ಸೆಟ್ ಹಾಕಿ ನೋಡಿ, ಇನ್ನೊಂದು ಗೇಣು ಕಡಿಮೆ ಮಾಡು ಅಂದಳು. ನೆಲಕ್ಕೆ ಶಹಾಬಾದ್ ಫರಶಿ, ನಮ್ಮ ಕಲಬುರ್ಗಿ ಕಡೆಯ ಕಲ್ಲು. ಮೋರಿಯ ಅಂಚಿಗೆ ಒಡೆದ ಮೂಲೆ. ಆ ಒಡೆದ ಮೂಲೆಗೆ ನಾನು ಎರಡು ಸಂಜೆ ಹಾಕಿದೆ. ಸಮುದ್ರಕ್ಕೆ ಹಾಕಿದ ಎರಡು ತಿಂಗಳಿಗಿಂತ ಅದೇ ಬೆಲೆಬಾಳಿತು.

ಹೆಡ್‌ಸೆಟ್ ಸೆಕೆಂಡಿಗೆ 72 ಚಿತ್ರ ಬಿಡಿಸಬೇಕು, ಒಂದೊಂದಕ್ಕೆ 14 ಮಿಲಿಸೆಕೆಂಡೂ ಸಿಗುವುದಿಲ್ಲ. ಅದಕ್ಕೇ ಬೆಳಕು ನೆರಳುಗಳನ್ನೆಲ್ಲ ಮೊದಲೇ ಗೋಡೆಯ ಚಿತ್ರದಲ್ಲೇ ಸೇರಿಸಿಬಿಟ್ಟೆ.

ಶಬ್ದದಲ್ಲಿ ಸಿಕ್ಕಿಬಿದ್ದೆ. ಪರೇಲ್ ಸ್ಟೇಷನ್ನಿಗೆ ಹೋಗಿ ಲೋಕಲ್ ರೈಲಿನ ಸದ್ದು ರೆಕಾರ್ಡ್ ಮಾಡಿ ತಂದು ಹಾಕಿದೆ. "ಇದು ನಮ್ಮ ಗಾಡಿ ಅಲ್ಲ" ಅಂದಳು ಅವ್ವ. ಅವಳು ಹೇಳಿದ್ದು ಸರಿ. ಸೆಂಟ್ರಲ್ ಲೈನಿನ ಲೋಕಲ್‌ಗಳು ಹಿಂದೆ 1500 ವೋಲ್ಟ್ ಡಿಸಿ ಕರೆಂಟಿನ ಮೇಲೆ ಓಡುತ್ತಿದ್ದವು. 2015ರ ಹೊತ್ತಿಗೆ 25 ಸಾವಿರ ವೋಲ್ಟ್ ಎಸಿಗೆ ಬದಲಾಯಿತು, ಹಳೆಯ ಗಾಡಿಗಳು ಹೋದವು. ಹೊಸವು ಹೊರಡುವಾಗ ಸಣ್ಣಗೆ ಹಾಡುತ್ತವೆ, ಹಳೆಯವು ಗುರ್ರೆನ್ನುತ್ತಿದ್ದವು. ರೈಲಿನ ಹುಚ್ಚಿರುವ ಗೆಳೆಯನೊಬ್ಬನ ಬಳಿ ಹಳೆಯ ರೆಕಾರ್ಡಿಂಗ್ ಇತ್ತು. ಅದನ್ನು ಹಾಕಿದ ದಿನ ಅಕ್ಕ ಅರ್ಧ ಮಾತಿಗೇ ನಿಂತಳು. ಚಾಳಿನಲ್ಲಿದ್ದಾಗಲೂ ಗಾಡಿ ಬಂದರೆ ಎಲ್ಲರೂ ಮಾತು ನಿಲ್ಲಿಸಿ, ಹೋದ ಮೇಲೆ ಮುಂದುವರಿಸುತ್ತಿದ್ದೆವು.

ಜಾಗ ಆಯಿತು. ಕೂತು ಮಾಡುವುದೇನು? ಚೌಕಾಬಾರ. ಐದು ಮನೆ ಉದ್ದ, ಐದು ಮನೆ ಅಗಲ, ನಾಲ್ಕು ಕವಡೆ. ನಾಲ್ಕೂ ಬಾಯಿ ಮೇಲಾದರೆ ನಾಲ್ಕು, ನಾಲ್ಕೂ ಕವುಚಿದರೆ ಎಂಟು.

ಇಲ್ಲಿ ದೂರದ ಲೆಕ್ಕ ಸ್ವಲ್ಪ ಹೇಳಬೇಕು. ಮುಂಬಯಿಯಿಂದ ಟೊರೊಂಟೊ ನೇರ ಗೆರೆ ಎಳೆದರೂ ಸುಮಾರು 12,500 ಕಿಲೋಮೀಟರ್. ಇಂಟರ್ನೆಟ್ ಕೇಬಲ್ಲಿನ ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಅಂದರೆ ಒಂದು ಕಡೆಗೇ 60 ಮಿಲಿಸೆಕೆಂಡ್ ದಾಟಿತು. ಕೇಬಲ್ಲುಗಳು ನೇರ ಹೋಗುವುದೂ ಇಲ್ಲ, ವರ್ಸೋವಾದ ಹತ್ತಿರ ಸಮುದ್ರಕ್ಕಿಳಿದು ಲೋಕವೆಲ್ಲ ಸುತ್ತುತ್ತವೆ. ನಾನು ಅಳೆದಾಗ ಹೋಗಿ ಬರಲು ಕಾಲು ಸೆಕೆಂಡ್ ಆಗುತ್ತಿತ್ತು. ಎಷ್ಟು ದುಡ್ಡು ಸುರಿದರೂ ಇದು ಸೊನ್ನೆಯಾಗುವುದಿಲ್ಲ. ಆದ್ದರಿಂದ ಇಬ್ಬರೂ ಒಟ್ಟಿಗೆ ಚಪ್ಪಾಳೆ ತಟ್ಟುವ, ಒಂದೇ ವಸ್ತುವಿನ ಎರಡು ತುದಿ ಹಿಡಿಯುವ ಆಟಗಳನ್ನು ಕೈಬಿಟ್ಟೆ. ಚೌಕಾಬಾರದಲ್ಲಿ ಒಬ್ಬರ ಸರದಿ ಆದ ಮೇಲೆ ಇನ್ನೊಬ್ಬರದು. ಕಾಲು ಸೆಕೆಂಡ್ ಯಾರಿಗೂ ಗೊತ್ತಾಗದು. ಸರ್ವರ್ ಮುಂಬಯಿಯಲ್ಲೇ ಇಟ್ಟೆ. ಯಾರಿಗಾದರೂ ತಡವಾಗಬೇಕು ಅಂದರೆ ಅದು ಅಕ್ಕನಿಗೆ ಆಗಲಿ.

ಮೊದಲ ಆಟದಲ್ಲೇ ಜಗಳ. ಅವ್ವ ಕವಡೆ ಎಸೆದು "ಎಂಟು!" ಅಂದಳು. ಅಕ್ಕ "ಎಲ್ಲಿ ಎಂಟವಾ? ಮೂರು ಬಿದ್ದಾವ" ಅಂದಳು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಕವಡೆ ಉರುಳುವ ಲೆಕ್ಕವನ್ನು ಎರಡು ಹೆಡ್‌ಸೆಟ್ಟುಗಳೂ ಬೇರೆ ಬೇರೆಯಾಗಿ ಮಾಡುತ್ತಿದ್ದವು. ಕೈಯ ವೇಗದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಸಾಕು, ಕವಡೆ ಅಲ್ಲಿ ಒಂದು ಮಗ್ಗುಲಿಗೆ, ಇಲ್ಲಿ ಇನ್ನೊಂದು ಮಗ್ಗುಲಿಗೆ. ಹಲವರು ಒಟ್ಟಿಗೆ ಆಡುವ ಮಲ್ಟಿಪ್ಲೇಯರ್ ಆಟ ಮಾಡಿದವರಿಗೆ ಇದು ಹಳೆಯ ಕಾಯಿಲೆ. ಸುಲಭದ ಮದ್ದೂ ಇದೆ: ಸರ್ವರ್ ಒಂದು ಅಂಕಿ ಆರಿಸುತ್ತದೆ, ಕವಡೆ ಅದಕ್ಕೆ ತಕ್ಕಂತೆ ಬಿದ್ದ ಹಾಗೆ ನಟಿಸುತ್ತವೆ. ಹಾಗೇ ಮಾಡಿದೆ. ಎರಡು ಶನಿವಾರ ಆಡಿದ ಮೇಲೆ ಅವ್ವ ಅಂದಳು, "ಇದು ನನ್ನ ಕೈ ಎಸದದ್ದಲ್ಲ."

ಅವಳದೊಂದು ವರಸೆ ಇದೆ. ಕವಡೆಗಳನ್ನು ಅಂಗೈಯಲ್ಲಿ ಎರಡೇ ಸಲ ಕುಲುಕಿ, ನೆಲಕ್ಕೆ ತೀರ ಹತ್ತಿರದಿಂದ ಜಾರಿಸುತ್ತಾಳೆ. ಹಾಗೆ ಎಸೆದರೆ ನಾಲ್ಕು ಬೀಳುತ್ತದೆ ಅಂತ ಅವಳ ನಂಬಿಕೆ. ಬೀಳುತ್ತದೋ ಇಲ್ಲವೋ, ಆ ಕೈಚಳಕಕ್ಕೆ ನಾನು ಬೆಲೆಯೇ ಇಲ್ಲದ ಹಾಗೆ ಮಾಡಿದ್ದೆ. ಬದಲಾಯಿಸಿದೆ. ಈಗ ಎಸೆದವರ ಹೆಡ್‌ಸೆಟ್ ಮಾತ್ರ ಲೆಕ್ಕ ಮಾಡುತ್ತದೆ. ಇನ್ನೊಬ್ಬರಿಗೆ ಅದೇ ಉರುಳಾಟ ಚೂರು ತಡವಾಗಿ ಕಾಣುತ್ತದೆ. ಬಿದ್ದದ್ದು ಬಿದ್ದ ಹಾಗೇ.

ಆಮೇಲೂ ಆಟ ಸಪ್ಪೆ. ಕಾರಣ ಗೊತ್ತಾಗಲು ತಿಂಗಳು ಬೇಕಾಯಿತು. ನಾನು ನಿಯಮಗಳನ್ನೆಲ್ಲ ಕೋಡಿನಲ್ಲಿ ಬರೆದಿದ್ದೆ. ಮೂರು ಬಿದ್ದರೆ ಕಾಯಿ ಮೂರು ಮನೆಯೇ ಹೋಗುತ್ತಿತ್ತು. ಎದುರಾಳಿಯ ಒಂದು ಕಾಯಿ ಕಡಿಯದೆ ಒಳಸುತ್ತಿಗೆ ಹೋಗಲು ಬಿಡುತ್ತಿರಲಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಕೂತ ಹಾಗೆ ಆಡುತ್ತಿದ್ದರು. ಒಂದು ಶುಕ್ರವಾರ ರಾತ್ರಿ ಆ ಕೋಡನ್ನೆಲ್ಲ ಕಿತ್ತೆಸೆದೆ. ಯಾರು ಯಾವ ಕಾಯಿಯನ್ನು ಎಲ್ಲಿ ಬೇಕಾದರೂ ಇಡಬಹುದು. ಮರುದಿನ ಸಂಜೆ ಏಳೂವರೆಗೆ, ಅಲ್ಲಿ ಬೆಳಿಗ್ಗೆ ಒಂಬತ್ತು, ಅವ್ವ ಎರಡು ಬಿದ್ದದ್ದಕ್ಕೆ ಮೂರು ಮನೆ ನಡೆಸಿದಳು. ಅಕ್ಕ ಚೀರಿದಳು. "ಮೂರನ ಬಿದ್ದಿತ್ತು, ನಿನಗ ಕಣ್ಣು ಕಾಣೂದಿಲ್ಲ" ಅಂತ ಅವ್ವ. ಒಂದೂಕಾಲು ಗಂಟೆ ಆಡಿದರು. ನಾನು ಒಳಗೆ ಚಹಾ ಮಾಡುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಜಾಗ ಮತ್ತು ಸಾಮಾನು ನಾನು ಕೊಡಬೇಕು, ನ್ಯಾಯ ಅವರು ನೋಡಿಕೊಳ್ಳುತ್ತಾರೆ.

ಸಣ್ಣಪುಟ್ಟವು ಇನ್ನೂ ಇವೆ. ಹೆಡ್‌ಸೆಟ್ ಅರ್ಧ ಕಿಲೋ ತೂಕ, ಹಿಂದಿನ ಪಟ್ಟಿ ನೇರ ಅವ್ವನ ತುರುಬಿನ ಮೇಲೆ ಕೂರುತ್ತಿತ್ತು. ಯಾವ ಕೈಪಿಡಿಯಲ್ಲೂ ತುರುಬಿನ ಮಾತಿಲ್ಲ. ಈಗ ಶನಿವಾರ ಸಂಜೆ ಜಡೆ. ಕನ್ನಡಕಕ್ಕೆ ಪೆಟ್ಟಿಗೆಯಲ್ಲೇ ಒಂದು ಪ್ಲಾಸ್ಟಿಕ್ ಚೌಕಟ್ಟು ಬರುತ್ತದೆ, ಅದನ್ನು ಹಾಕದಿದ್ದರೆ ಗಾಜಿಗೆ ಗಾಜು ಉಜ್ಜಿ ಎರಡೂ ಹಾಳು. ಕಾಯಿ ಹಿಡಿಯಲು ಹೆಬ್ಬೆರಳು ತೋರುಬೆರಳು ಸೇರಿಸಬೇಕು. ಅದಕ್ಕೆ ಅರ್ಧ ಗಂಟೆ ವಿವರಣೆ ಕೊಟ್ಟೆ, ತಲೆಗೆ ಹೋಗಲಿಲ್ಲ. ಅಕ್ಕ ಆ ಕಡೆಯಿಂದ, "ಅವ್ವಾ, ಚಿಟಿಕಿ ಉಪ್ಪು ತಗೊಂಡಂಗ ಮಾಡು" ಅಂದಳು. ಮುಗಿಯಿತು.

ಎತ್ತರದ್ದೂ ಒಂದು ತೊಡಕು. ಅವ್ವನಿಗೆ ಮೊಣಕಾಲು ನೋವು, ಕುರ್ಚಿಯ ಮೇಲೆ ಕೂರುತ್ತಾಳೆ. ಅಕ್ಕ ನೆಲದ ಮೇಲೆ. ಹಾಗೇ ಬಿಟ್ಟರೆ ಅವ್ವ ದೇವರ ಹಾಗೆ ಮೇಲೆ ತೇಲುತ್ತಿದ್ದಳು. ಆಟ ಶುರುವಾಗುವ ಮುಂಚೆ ಇಬ್ಬರ ಕಣ್ಣನ್ನೂ ಒಂದೇ ಮಟ್ಟಕ್ಕೆ ತಂದು, ಆಟದ ಹಲಗೆಯನ್ನು ಅಲ್ಲಿಂದ ಕೆಳಕ್ಕೆ ಅಳೆದು ಇಡುತ್ತೇನೆ.

ಮುಟ್ಟುವುದಕ್ಕೆ ನನ್ನ ಬಳಿ ಉತ್ತರ ಇಲ್ಲ. 1970ರ ದಶಕದಲ್ಲೇ ಮೈರನ್ ಕ್ರೂಗರ್ ಅನ್ನುವ ಅಮೆರಿಕದ ಕಲಾವಿದ ಬೇರೆ ಬೇರೆ ಕಡೆ ಇದ್ದವರ ನೆರಳುಚಿತ್ರಗಳನ್ನು ಒಂದೇ ಪರದೆಗೆ ತಂದಿದ್ದ. ಪರದೆಯಲ್ಲಿ ಕೈಗೆ ಕೈ ತಾಗಿದರೆ ಜನ ಥಟ್ಟನೆ ಹಿಂದೆ ಸರಿಯುತ್ತಿದ್ದರಂತೆ. ಇಲ್ಲೂ ಹಾಗೇ. ಅವ್ವ ಒಮ್ಮೆ ಅಕ್ಕನ ಕೈ ಹಿಡಿಯಲು ಹೋದಳು, ಬೆರಳು ಬೆರಳಿನೊಳಗೆ ಹಾದುಹೋಯಿತು. ಸುಮ್ಮನಾದಳು. ಆಮೇಲೆ ನಾನು ಒಂದೇ ಒಂದು ಸೇರಿಸಿದ್ದೇನೆ. ಇಬ್ಬರ ಕೈ ಹತ್ತಿರ ಬಂದರೆ ಗಾಜಿನ ಬಳೆಯ ಸದ್ದು, ಅದೂ ತುಂಬ ಮೆಲ್ಲಗೆ.

ಆಟ ಎಲ್ಲಿಗೆ ನಿಂತಿತೋ ಅಲ್ಲಿಗೇ ಸರ್ವರ್ ನೆನಪಿಟ್ಟುಕೊಳ್ಳುತ್ತದೆ, ಮುಂದಿನ ಶನಿವಾರ ಅಲ್ಲಿಂದಲೇ ಶುರು. ಹೋದ ತಿಂಗಳು ಒಂದು ಗುರುವಾರ ಏನೋ ರಿಪೇರಿಗೆ ಅಂತ ಆಫೀಸಿನಿಂದಲೇ ಒಳಹೊಕ್ಕೆ. ಗ್ಯಾಲರಿಯಲ್ಲಿ ಯಾರೂ ಇರಲಿಲ್ಲ. ಹಲಗೆಯ ಮೇಲೆ ಅವ್ವನ ಒಂದು ಕಾಯಿ ಶನಿವಾರ ಇದ್ದ ಮನೆಯಲ್ಲಿರಲಿಲ್ಲ, ಎರಡು ಮನೆ ಮುಂದೆ, ಯಾರೂ ಕಡಿಯಲಾಗದ ಕಟ್ಟೆಯ ಮನೆಯಲ್ಲಿ ಕೂತಿತ್ತು. ನನ್ನದೇ ಪ್ರೋಗ್ರಾಮಿನ ತಪ್ಪಿರಬೇಕು ಅಂತ ಸರ್ವರಿನ ದಾಖಲೆ, ಅಂದರೆ ಲಾಗ್, ತೆಗೆದು ನೋಡಿದೆ. ಬುಧವಾರ ಮಧ್ಯಾಹ್ನ 3 ಗಂಟೆ 12 ನಿಮಿಷಕ್ಕೆ ಡೊಂಬಿವಲಿಯ ಹೆಡ್‌ಸೆಟ್ ಆನ್ ಆಗಿದೆ, 3 ಗಂಟೆ 19ಕ್ಕೆ ಆಫ್. ಅದನ್ನು ಒಬ್ಬಳೇ ಹಾಕಿಕೊಳ್ಳಲು ಬರುವುದಿಲ್ಲ ಅಂತ ಪ್ರತಿ ಶನಿವಾರ ನನ್ನ ಕೈಲೇ ಹಾಕಿಸಿಕೊಳ್ಳುವವಳು.

ಕಾಯಿ ಅಲ್ಲೇ ಬಿಟ್ಟೆ. ಅಕ್ಕನಿಗೆ ಈವರೆಗೆ ಹೇಳಿಲ್ಲ. ಇದನ್ನು ಓದಿದರೆ ಓದಲಿ.