ಟೊಳ್ಳು ಫೈಬರಿಗೆ ಅಸಿಟಿಲೀನ್ ತುಂಬಿ 3.1 ಮೈಕ್ರಾನ್ ಲೇಸರ್: ನಮ್ಮ ಅನುಭವ

ಈ ಲೇಸರಿಗೆ ಕನ್ನಡಿ ಕಡ್ಡಾಯವಲ್ಲ. 1.53 ಮೈಕ್ರಾನಿನ ಪಂಪ್ ಬೆಳಕನ್ನು (ಲೇಸರಿಗೆ ಶಕ್ತಿ ಊಡುವ ಬೆಳಕು) ಟೊಳ್ಳು ಫೈಬರಿನ ಒಂದು ತುದಿಯಿಂದ ಬಿಟ್ಟರೆ ಒಳಗಿನ ಅಸಿಟಿಲೀನ್ ಅದನ್ನು ಹೀರಿ 3.1ರಿಂದ 3.2 ಮೈಕ್ರಾನಿನಲ್ಲಿ ಹೊರಹಾಕುತ್ತದೆ. ಗೇನ್ (ಬೆಳಕು ವರ್ಧಿಸುವ ಪ್ರಮಾಣ) ಎಷ್ಟು ಹೆಚ್ಚೆಂದರೆ ಒಂದೇ ಓಟದಲ್ಲಿ ಕೆಲಸ ಮುಗಿಯುತ್ತದೆ. 2011ರಲ್ಲಿ ಅಮೆರಿಕದ ಕ್ಯಾನ್ಸಸ್ ಸ್ಟೇಟ್ ಮತ್ತು ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯಗಳವರು ಕಾಗೊಮೆ ಫೈಬರಿನಲ್ಲಿ (ಬುಟ್ಟಿ ಹೆಣಿಗೆಯಂಥ ಗಾಜಿನ ಜಾಲರಿಯ ಟೊಳ್ಳು ಫೈಬರ್) ಇದನ್ನು ತೋರಿಸಿದ್ದರು. ನಾವು ಬಳಸಿದ್ದು ಆಂಟಿ-ರೆಸೊನೆಂಟ್ ಫೈಬರ್: ನಡುವೆ 50 ಮೈಕ್ರಾನ್ ಟೊಳ್ಳು, ಸುತ್ತ ತೆಳು ಗಾಜಿನ ಕೊಳವೆಗಳು, ಉದ್ದ 10 ಮೀಟರ್.

ಫೈಬರ್ ಆರಿಸುವಾಗ ಮೊದಲು ಕೇಳಬೇಕಾದದ್ದು ಕೊಳವೆಯ ಗೋಡೆಯ ದಪ್ಪ. ದಪ್ಪದ ಸುಮಾರು 2.1 ಪಟ್ಟು ತರಂಗಾಂತರದಲ್ಲಿ, ಅದರ ಅರ್ಧದಲ್ಲಿ, ಮೂರನೇ ಒಂದರಲ್ಲಿ ಬೆಳಕು ಗಾಜಿಗೆ ಸೋರುತ್ತದೆ. 0.7 ಮೈಕ್ರಾನ್ ಗೋಡೆಯಾದರೆ ಸೋರುವ ಜಾಗ 1.46 ಮೈಕ್ರಾನಿಗೆ ಬೀಳುತ್ತದೆ, ಪಂಪಿಗೆ ತೀರಾ ಹತ್ತಿರ. 1.1 ಮೈಕ್ರಾನ್ ಗೋಡೆಯಲ್ಲಿ 2.3 ಮತ್ತು 1.15ಕ್ಕೆ ಬೀಳುವುದರಿಂದ ಪಂಪ್, ಲೇಸರ್ ಎರಡೂ ಪಾರಾಗುತ್ತವೆ. 3.1 ಮೈಕ್ರಾನಿನಲ್ಲಿ ಗಾಜು ಬೆಳಕನ್ನು ಮೀಟರಿಗೆ ಹತ್ತಾರು ಡೆಸಿಬೆಲ್ ನುಂಗುತ್ತದೆ. ಆದರೂ ಬೆಳಕಿನ ತೀರಾ ಸಣ್ಣ ಪಾಲಷ್ಟೇ ಗಾಜನ್ನು ಮುಟ್ಟುವುದರಿಂದ ಸಿಲಿಕಾ ಫೈಬರೇ ಸಾಕಾಯಿತು.

ತುದಿ ಕತ್ತರಿಸಿದ ಮೇಲೆ ಐಸೊಪ್ರೊಪನಾಲ್ ಹಾಕಿ ಒರೆಸಲೇಬೇಡಿ. ಕ್ಯಾಪಿಲರಿ ಸೆಳೆತಕ್ಕೆ ಅದು ಒಳಗೆ ನುಗ್ಗುತ್ತದೆ, ಆ ತುಂಡನ್ನು ಕತ್ತರಿಸಿ ಎಸೆಯುವುದೊಂದೇ ದಾರಿ.

ಇನ್ನು ಗ್ಯಾಸು. ಸಿಲಿಂಡರಿನಲ್ಲಿ ಅಸಿಟಿಲೀನ್ ಅಸಿಟೋನಿನಲ್ಲಿ ಕರಗಿರುತ್ತದೆ, ಹೊರಬರುವಾಗ ಅಸಿಟೋನ್ ಆವಿಯನ್ನೂ ಕರೆತರುತ್ತದೆ. ಡ್ರೈ ಐಸ್ ಟ್ರ್ಯಾಪಿನಲ್ಲಿ ಅದನ್ನು ಹಿಡಿಯಬಹುದು. ದ್ರವ ನೈಟ್ರೋಜನ್ ಮಾತ್ರ ಬೇಡ: ಅಸಿಟಿಲೀನೇ ಹೆಪ್ಪುಗಟ್ಟಿ ಕೂರುತ್ತದೆ, ಅಪಾಯ. ತಾಮ್ರ, ಬೆಳ್ಳಿ ಸೋಕಿದರೆ ಸಿಡಿಯುವ ಅಸಿಟಿಲೈಡ್ ಆಗುತ್ತದೆ, ಹಾಗಾಗಿ ಲೈನೆಲ್ಲ ಸ್ಟೇನ್‌ಲೆಸ್ ಸ್ಟೀಲ್. ಇಲ್ಲಿ ಎಲ್ಲರೂ ಮರೆಯುವುದು ವ್ಯಾಕ್ಯೂಮ್ ಫ್ಲ್ಯಾಂಜಿನ ತಾಮ್ರದ ಗ್ಯಾಸ್ಕೆಟ್. ಅದರ ಬದಲು ವೈಟಾನ್ ರಬ್ಬರಿನದು ಹಾಕಿ. ಫೈಬರಿನ ಟೊಳ್ಳಿನಲ್ಲಿ ಹಿಡಿಯುವುದು 0.02 ಮಿಲಿಲೀಟರ್ ಅಷ್ಟೆ, ಭಯ ಇರುವುದು ಸಿಲಿಂಡರ್ ಮತ್ತು ಲೈನಿನಲ್ಲಿ. ಗಾಳಿಯಲ್ಲಿ 2.5% ಸೇರಿದರೂ ಹೊತ್ತಿಕೊಳ್ಳುವ ಅನಿಲ ಇದು, ವ್ಯಾಕ್ಯೂಮ್ ಪಂಪಿನ ಹೊಗೆಕೊಳವೆಯನ್ನು ಫ್ಯೂಮ್ ಹುಡ್‌ಗೆ ಬಿಡಿ.

ತಾಳ್ಮೆ ಕೆಡಿಸುವುದು ಗಾಳಿ ಖಾಲಿ ಮಾಡುವ ಹೊತ್ತು. ಮೊದಲು ಬೇಗ ಇಳಿಯುತ್ತದೆ. ಕೆಲವು ಮಿಲಿಬಾರ್ ಮುಟ್ಟಿದ ಮೇಲೆ ಅಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದು ಕಡಿಮೆಯಾಗಿ ಗೋಡೆಗೆ ಬಡಿಯುತ್ತ ತೆವಳುತ್ತವೆ. 10 ಮೀಟರಿಗೆ ಎರಡೂ ತುದಿಯಿಂದ ಎಳೆದರೆ ಒತ್ತಡ ಮೂರನೇ ಒಂದಕ್ಕೆ ಇಳಿಯಲು ಲೆಕ್ಕದ ಪ್ರಕಾರ ಸುಮಾರು 20 ನಿಮಿಷ. ಒಂದೇ ತುದಿಯಾದರೆ ಅದರ ನಾಲ್ಕು ಪಟ್ಟು. ಸುತ್ತಲಿನ ಸಣ್ಣ ಕೊಳವೆಗಳು ಇನ್ನೂ ನಿಧಾನ. ಅದಕ್ಕೇ ರಾತ್ರಿಯಿಡೀ ವ್ಯಾಕ್ಯೂಮ್ ಪಂಪ್ ಓಡಿಸಿ ಬೆಳಿಗ್ಗೆ ಗ್ಯಾಸ್ ಬಿಡುತ್ತೇವೆ. ಗೇಜ್ ತೋರಿಸುವುದು ಫೈಬರಿನ ತುದಿ ಕೂರುವ ಗ್ಯಾಸ್ ಸೆಲ್ಲಿನ (ಡಬ್ಬಿಯ) ಒತ್ತಡ, ಫೈಬರಿನ ಮಧ್ಯದ್ದಲ್ಲ. ಗೇಜ್ ನಿಂತಿತೆಂದು ಅಳತೆ ಶುರು ಮಾಡಿದವರು ಗಂಟೆ ಗಂಟೆಗೂ ಬೇರೆ ಅಂಕಿ ಬರೆದುಕೊಳ್ಳುತ್ತಾರೆ.

ತುಂಬುವ ಒತ್ತಡ ಸುಮಾರು 1 ಮಿಲಿಬಾರ್. ಹೆಚ್ಚಿಸಿದರೆ ಪಂಪ್ ಬೆಳಕಿನ ಹೀರಿಕೆಯೇನೋ ಏರುತ್ತದೆ, ಆದರೆ ಡಿಕ್ಕಿಗಳಲ್ಲಿ ಅಣುಗಳು ಶಕ್ತಿ ಕಳೆದುಕೊಂಡು ಲೇಸರ್ ಕುಗ್ಗುತ್ತದೆ.

ಪಂಪಿಗೆ ಡಿಎಫ್‌ಬಿ ಡಯೋಡ್ (ಒಂದೇ ತರಂಗಾಂತರ ಸೂಸುವ ಪುಟ್ಟ ಲೇಸರ್), ಅದರ ನಂತರ ಬೆಳಕನ್ನು ಹೆಚ್ಚಿಸುವ ಎರ್ಬಿಯಂ ಆಂಪ್ಲಿಫೈಯರ್. ಆರಿಸಿದ ಗೆರೆ (ಅಣು ಹೀರುವ ನಿಗದಿತ ತರಂಗಾಂತರ) ಪಿ(9), 1530.37 ನ್ಯಾನೊಮೀಟರ್. ಅಸಿಟಿಲೀನಿನಲ್ಲಿ ಬೆಸ ಸಂಖ್ಯೆಯ ಗೆರೆಗಳಿಗೆ ಸರಿ ಸಂಖ್ಯೆಯವುಗಳ ಮೂರು ಪಟ್ಟು ತೂಕ (ಬಲ), ಆದ್ದರಿಂದ ಪಿ(8) ಕಡೆ ಹೋಗುವುದರಲ್ಲಿ ಅರ್ಥವಿಲ್ಲ. ಗೆರೆಯ ಅಗಲ ಕೋಣೆಯ ತಾಪದಲ್ಲಿ 475 ಮೆಗಾಹರ್ಟ್ಜ್ ಆಸುಪಾಸು. ಡಯೋಡ್ ಒಂದು ಡಿಗ್ರಿಗೆ ಸುಮಾರು 12 ಗಿಗಾಹರ್ಟ್ಜ್ ಓಡುತ್ತದೆ, ಅಂದರೆ 0.04 ಡಿಗ್ರಿ ತಪ್ಪಿದರೆ ಗೆರೆಯೇ ಕೈತಪ್ಪಿತು. ಆಂಪ್ಲಿಫೈಯರಿಗೆ ಮುನ್ನ 1% ಬೆಳಕನ್ನು ಕವಲೊಡೆಸಿ ಅಸಿಟಿಲೀನ್ ತುಂಬಿದ ರೆಫರೆನ್ಸ್ ಸೆಲ್ಲಿಗೆ ಬಿಟ್ಟು, ಡಯೋಡನ್ನು ಅದರ ಗೆರೆಗೆ ಲಾಕ್ ಮಾಡಿ (ಕದಲದಂತೆ ಕಟ್ಟಿ). ನಂತರ ಎಒಎಂ (ಶಬ್ದದ ಅಲೆಯಿಂದ ಬೆಳಕನ್ನು ತಿರುಗಿಸುವ ಸ್ವಿಚ್) ಹಾಕಿ ಪಲ್ಸ್ ಕತ್ತರಿಸುವುದಾದರೆ ಅದು ಆವರ್ತನವನ್ನು ಸರಿಸುತ್ತದೆ, ಲಾಕಿನಲ್ಲಿ ಅಷ್ಟನ್ನು ಕಳೆಯಬೇಕು. ಪಲ್ಸ್ 1 ನ್ಯಾನೊಸೆಕೆಂಡಿನಷ್ಟು ಚಿಕ್ಕದಾದರೆ ಅದರ ಬ್ಯಾಂಡ್‌ವಿಡ್ತ್ ಹೆಚ್ಚುಕಡಿಮೆ ಗೆರೆಯಷ್ಟೇ ಅಗಲವಾಗಿ ಪಂಪ್ ಪೋಲಾಗುತ್ತದೆ. ನಾವು 20 ನ್ಯಾನೊಸೆಕೆಂಡಿಗಿಂತ ಕೆಳಗೆ ಇಳಿಯಲಿಲ್ಲ.

ಜೋಡಣೆಗೆ 11 ಮಿಲಿಮೀಟರ್ ಕೊಲಿಮೇಟರ್, 40 ಮಿಲಿಮೀಟರ್ ಲೆನ್ಸ್. ಮಾಮೂಲು ಫೈಬರಿನ 10 ಮೈಕ್ರಾನ್ ಬೆಳಕಿನ ಚುಕ್ಕೆ 36ಕ್ಕೆ ಹಿಗ್ಗಿ ಟೊಳ್ಳಿನ ಮೋಡ್‌ಗೆ (ಒಳಗೆ ಬೆಳಕು ಹರಡುವ ಅಗಲಕ್ಕೆ) ಹೊಂದುತ್ತದೆ. ಜೋಡಣೆಯನ್ನು ಕಡಿಮೆ ಪವರಿನಲ್ಲೇ ಮುಗಿಸಿ, ವಾಟುಗಳಲ್ಲಿ ಚುಕ್ಕೆ ಸರಿದರೆ ಕೊಳವೆಗಳು ಸುಟ್ಟುಹೋಗುತ್ತವೆ.

ಹೊರಬರುವುದು ಎರಡು ಗೆರೆ, 3.12 ಮತ್ತು 3.16 ಮೈಕ್ರಾನಿನ ಬಳಿ. ದಕ್ಷತೆಯ ಮೇಲ್ಮಿತಿ ಒಂದು ಪಂಪ್ ಫೋಟಾನಿಗೆ ಒಂದು ಲೇಸರ್ ಫೋಟಾನ್ ಎಂಬ ಲೆಕ್ಕದಲ್ಲೇ ಸುಮಾರು 49%. ಅದಕ್ಕಿಂತ ಹೆಚ್ಚು ಬಂದರೆ ಅಳತೆಯಲ್ಲಿ ತಪ್ಪಿದೆ. ಹೊರಗಿನ ಕಿಟಕಿ ಕ್ಯಾಲ್ಸಿಯಂ ಫ್ಲೋರೈಡ್, ಕೋಟಿಂಗ್ ಇಲ್ಲದಿದ್ದರೆ 6% ಪ್ರತಿಫಲನಕ್ಕೆ ಹೋಗುತ್ತದೆ. ಪಂಪ್ ತಡೆಯಲು ಜರ್ಮೇನಿಯಂ ಒಳ್ಳೆಯದು, ಆದರೆ ಕೋಟಿಂಗ್ ಇಲ್ಲದ್ದು 47% ಮಾತ್ರ ಬಿಡುತ್ತದೆ. ಜೊತೆಗೆ ಪಂಪ್ ನುಂಗಿ ಬಿಸಿಯಾದಷ್ಟೂ ಇನ್ನೂ ಹೆಚ್ಚು ನುಂಗುತ್ತದೆ. ಪಂಪ್ ಹೀರಿಕೆ ಅಳೆಯುವಾಗ ಆಂಪ್ಲಿಫೈಯರಿನ ಹಿನ್ನೆಲೆ ಬೆಳಕನ್ನು ಕಳೆಯಿರಿ, ಅಸಿಟಿಲೀನ್ ಅದನ್ನು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. ಕೊನೆಗೆ ಡಯೋಡನ್ನು ಗೆರೆಯಿಂದ 2 ಗಿಗಾಹರ್ಟ್ಜ್ ಆಚೆ ಸರಿಸಿ ನೋಡಿ. ಆಗಲೂ ಮೀಟರಿನಲ್ಲಿ ಏನಾದರೂ ಉಳಿದರೆ ಅದು 3.1 ಮೈಕ್ರಾನಿನದ್ದಲ್ಲ, ಸೋರಿ ಬಂದ ಪಂಪ್.